ಸತ್ತ ಬ್ಯಾಟರಿಗಳ ತವರುಮನೆ

“ಬರ್ರಿ, ಕುಂತ್ಕೋರಿ. ಮೊದಲ ಇದರ ಹೊಲಸು ಕೇಳ್ರಿ. ರೇಟು ಆಮ್ಯಾಲೆ.”

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸೋಲಾರ್ ಪ್ಲೇಟು, ಬ್ಯಾಟರಿ, ಯುಪಿಎಸ್ ಮಾರುತ್ತಿದ್ದ ಅವರು, ಗಿರಾಕಿ ಮೆಟ್ಟಿಲು ಹತ್ತಿದ ಕೂಡಲೇ ಹೇಳುತ್ತಿದ್ದ ಮಾತು ಇದು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಊರಿನ ಅರ್ಧ ಮಂದಿ ಹಾಗೇ ಅನ್ನುತ್ತಿದ್ದರು. ಈ ಬೇಸಿಗೆಯಲ್ಲಿ ತೀರಿಕೊಂಡರು. ಮಧ್ಯಾಹ್ನದ ಹೊತ್ತು, ಅಂಗಡಿಯ ಕುರ್ಚಿಯಲ್ಲೇ. ಎದುರಿಗೆ ದುಂಡಸಿಯಿಂದ ಬಂದ ಗಿರಾಕಿಯೊಬ್ಬ ಕುಳಿತಿದ್ದ. ಕಾಕಾ ಕಣ್ಣು ಮುಚ್ಚಿದ್ದನ್ನು ಕಂಡು, ಹೊಲಸು ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಮರ್ಯಾದೆಯಿಂದ ಬಹಳ ಹೊತ್ತು ಕಾದನಂತೆ. “ಈ ಮಾಲಿಂದು ಭಾಳ ಹೊಲಸು ಇರಬೇಕು ಅನ್ಕೊಂಡ್ನಿರಿ” ಎಂದು ಆಮೇಲೆ ಎಲ್ಲರೆದುರು ಹೇಳಿದ. ಯಾರೂ ನಗಲಿಲ್ಲ. ಅವರ ಬಗ್ಗೆ ಗೊತ್ತಿದ್ದ ಯಾರಿಗಾದರೂ ಅದು ಸಹಜವಾದ ಊಹೆಯೇ ಆಗಿತ್ತು.

ಇಂಥವರ ಬಗ್ಗೆ ಬರೆಯುವಾಗ ಸಾಧುಸಂತರನ್ನಾಗಿ ಮಾಡಿಬಿಡುವ ಚಟ ನಮ್ಮಲ್ಲಿದೆ. ಆದ್ದರಿಂದ ಮೊದಲೇ ಹೇಳುತ್ತೇನೆ: ಕಾಕಾ ಸಾಧು ಮನುಷ್ಯರಲ್ಲ. ತಲೆತಲಾಂತರದಿಂದ ವ್ಯಾಪಾರ ಮಾಡಿದ ಲಿಂಗವಂತರ ಮನೆ ಅವರದು. ಹಣೆಗೆ ವಿಭೂತಿ, ಬಾಯಲ್ಲಿ ಸವಣೂರಿನ ವೀಳ್ಯದೆಲೆ. ಬೇರೆ ಊರಿನ ಎಲೆ ಕೊಟ್ಟರೆ ಆಡಿನ ಮುಂದೆ ಹಿಡಿಯಿರಿ ಅನ್ನುವವರು. ಮುಂಗೋಪಿ. ಕೊಸರಾಡುವ ಗಿರಾಕಿಗೆ ನೀರು ಸಹ ಕೊಡುತ್ತಿರಲಿಲ್ಲ. ಮತ್ತು ಅವರು ಸೋಲಾರಿನ ವಿರೋಧಿಯೂ ಅಲ್ಲ. ಅವರ ಮಾಳಿಗೆಯ ಮೇಲೆ ಊರಲ್ಲೇ ಎಲ್ಲರಿಗಿಂತ ಮೊದಲು ಪ್ಲೇಟು ಕೂತದ್ದು. ಅದನ್ನು ಮುಟ್ಟಲು ಹೆಂಡತಿಗೂ ಪರವಾನಗಿ ಇರಲಿಲ್ಲ.

ಹೊಲಸಿನ ವರದಿ ಮಾಲಿಗೆ ತಕ್ಕಂತೆ ಬದಲಾಗುತ್ತಿತ್ತು. ಪ್ಲೇಟು ಕೇಳಿದವರಿಗೆ: “ಇದನ್ನ ಮಾಡಾಕ ಎಲ್ಲೋ ದೂರದಾಗ ಗುಡ್ಡ ಅಗಿತಾರ. ಆ ಕಲ್ಲು ಕರಗಸಾಕ ಭಟ್ಟಿ ಹಚ್ಚತಾರ. ಭಟ್ಟಿಗೆ ಕಲ್ಲಿದ್ದಲಾ ಹಾಕ್ತಾರ. ಅಂದ್ರ ಇದು ಹುಟ್ಟೂದ ಹೊಗಿಯೊಳಗ. ನಿಮ್ಮ ಮಾಳಗಿ ಮ್ಯಾಲೆ ಕುಂತು ಮೊದಲ ತನ್ನ ಪಾಪಾ ತೊಳಕೊಂತೈತಿ. ಪುಣ್ಯಾ ಆಮ್ಯಾಲಿಂದ.” ಬ್ಯಾಟರಿ ಕೇಳಿದವರಿಗೆ: “ಇದರ ಹೊಟ್ಟ್ಯಾಗ ಸೀಸಾ ಐತಿ, ಆಸಿಡ್ ಐತಿ. ಜೀವ ಇರೋತನಾ ದೇವರು. ಸತ್ತಿಂದ ದೆವ್ವ.”

ಒಮ್ಮೆ ಶಿಗ್ಗಾವಿ ಕಡೆಯ ರೈತನೊಬ್ಬ ಸೋಲಾರ್ ಪಂಪು ಬೇಕೆಂದು ಬಂದ. ನಾನು ಅಲ್ಲೇ ಇದ್ದೆ.

“ನಿನ್ನ ಬೋರಿಗೆ ಈಗ ಕರೆಂಟು ಎಷ್ಟೊತ್ತು ಬರತೈತಿ?” ಎಂದು ಕಾಕಾ ಕೇಳಿದರು.

“ಬಂದ್ರ ಬಂತು, ಇಲ್ಲಾಂದ್ರ ಇಲ್ರಿ. ಅದಕ್ಕ ಸೋಲಾರ್ ಹಾಕ್ಸಾಕತ್ತೇನಿ.”

“ಕರೆಂಟು ಇಲ್ಲದ್ದ ನಿನ್ನ ಬೋರನ್ನ ಉಳಿಸೇತಿ ನೋಡು. ಸೂರ್ಯಗ ಬಿಲ್ಲಿಲ್ಲ. ಮುಂಜಾನಿಂದ ಸಂಜಿತನಾ ನೀ ಪಂಪು ಬಂದ್ ಮಾಡಂಗಿಲ್ಲ. ನಿನ್ನ ನೋಡಿ ಬಾಜೂದಾಂವ ಹಾಕಸ್ತಾನ. ಪಂಪು ಹೊಸಾದ ಇರತೈತಿ, ಬೋರು ಸತ್ತಿರತೈತಿ. ಆಗ ನೀ ನನ್ನ ಬೈಯಾಕ ಬರ್ತಿ.”

“ಹಂಗಾರ ಕೊಡಂಗಿಲ್ಲೇನ್ರಿ?” ಎಂದ ರೈತ.

“ಕೊಡ್ತೇನಿ. ಮಾರಾಕ ಕುಂತೇನಿ, ಭಜನಿ ಮಾಡಾಕಲ್ಲ. ಬೆಳಿಗೆ ಎಷ್ಟು ಬೇಕೋ ಅಷ್ಟ ಎಳಿತೇನಿ ಅಂತ ನಿಮ್ಮವ್ವನ ಮ್ಯಾಲೆ ಆಣಿ ಮಾಡು.”

ರೈತ ಎದ್ದು ಹೋಗಿ ಶಿಗ್ಗಾವಿಯ ಇನ್ನೊಂದು ಅಂಗಡಿಯಲ್ಲಿ ಆಣೆಯಿಲ್ಲದೆ ಪಂಪು ತಗೊಂಡ. ಕಾಕಾನ ಮಗ ಪಕ್ಕದಲ್ಲೇ ಮೊಬೈಲ್ ಅಂಗಡಿ ನಡೆಸುತ್ತಾನೆ, ಲೆಕ್ಕಾಚಾರದ ಮನುಷ್ಯ. ಅವನ ಮಾತಿನಲ್ಲಿ ಹೇಳುವುದಾದರೆ, “ನಮ್ಮಪ್ಪ ತಾ ಮಾರಿದ್ದಕ್ಕಿಂತ ಶಿಗ್ಗಾವಿ ಅಂಗಡ್ಯಾಂವಗ ಕಳಿಸಿದ ಗಿರಾಕಿ ಹೆಚ್ಚು. ಅವ ದೀಪಾವಳಿಗೆ ಒಂದು ಡಬ್ಬಿ ಪೇಢೇನರ ಕಳಿಸಬೇಕಿತ್ತು.”

ನನಗೆ ಅವರ ಪರಿಚಯವಾದದ್ದು ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಸತ್ತಾಗ. ನಾನಾಗ ಡಿಗ್ರಿ ಓದುತ್ತಿದ್ದ ಹುಡುಗಿ. ಚರ್ಚಾಸ್ಪರ್ಧೆಗಳ ಹುಚ್ಚು. ಯಾವುದನ್ನಾದರೂ ಎಲ್ಲರೂ ಒಳ್ಳೆಯದೆಂದರೆ ನನಗೆ ಅದರ ಮೇಲೆ ಗುಮಾನಿ ಬರುತ್ತಿತ್ತು. ಆ ದಿನಗಳಲ್ಲಿ ಎಲ್ಲರೂ ಒಳ್ಳೆಯದೆನ್ನುತ್ತಿದ್ದದ್ದು ಸೋಲಾರು, ಗಾಳಿಗಿರಣಿ. ಅಪ್ಪನ ಜೊತೆ ಅಂಗಡಿಗೆ ಹೋದರೆ ಮಾರುವವನೇ ನನ್ನ ಪಾಯಿಂಟುಗಳನ್ನೆಲ್ಲ ಹೇಳುತ್ತಿದ್ದಾನೆ. ನನಗೆ ಹೇಳಲು ಏನೂ ಉಳಿಯಲಿಲ್ಲ. ಹೀಗೆ ಯಾರೂ ನನ್ನನ್ನು ಸೋಲಿಸಿರಲಿಲ್ಲ.

ಅವತ್ತೇ ಅವರ ಇನ್ನೊಂದು ಕಾಯಿದೆ ತಿಳಿಯಿತು. ಹಳೆಯದನ್ನು ತಂದು ಒಪ್ಪಿಸಿದರೆ ಮಾತ್ರ ಹೊಸದು. ಅಪ್ಪ, “ಹಳೇದನ್ನ ಗುಜರಿಯಾಂವ ಚಲೋ ರೇಟಿಗೆ ಕೇಳ್ಯಾನ್ರಿ” ಅಂದರು. ಕಾಕಾ ಎದ್ದು ನಿಂತರು.

“ಸಾವಕಾರ್ರ, ನೀವು ಹೆಣ್ಣುಮಗಳ್ನ ಕೊಟ್ಟೀರಿ?”

“ಅಣ್ಣನ ಮಗಳ್ನ ಕೊಟ್ಟೇವ್ರಿ.”

“ನಾಳೆ ಆ ಹುಡುಗಿ ಮುದುಕಿಯಾಗಿ ಹ್ವಾದಳಂದ್ರ ಹೆಣದ ಮ್ಯಾಲೆ ಕಡೀ ಸೀರಿ ಯಾರದು?”

“ತವರಮನಿದು.”

“ಆತಲ್ಲ. ಈ ಅಂಗಡಿ ಬ್ಯಾಟರಿ ತವರಮನಿ. ಬಾಳ್ವೆ ಮಾಡೂದು ನಿಮ್ಮ ಮನ್ಯಾಗ. ಹೆಣದ ಹಕ್ಕು ನಂದು. ಗುಜರಿಯಾಂವ ಯಾರ ನಡಬರ್ಕ?”

ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ಮನೆಗೆ ಹೋಗಿ ಸತ್ತ ಬ್ಯಾಟರಿಯನ್ನು ಆಟೋದಲ್ಲಿ ತಂದೆವು. ಕಾಕಾ ಅದರ ಬಿರಡೆ ಬಿಗಿ ಮಾಡಿ, ಹಿತ್ತಲಿನ ಶೆಡ್ಡಿಗೆ ಒಯ್ದು, ಸಾಲಿನಲ್ಲಿ ನಿಲ್ಲಿಸಿ, ಸುತ್ತ ಸುಣ್ಣ ಉದುರಿಸಿದರು. ಆಸಿಡ್ ಸೋರಿದರೆ ಸುಣ್ಣ ಕುಡಿಯಲಿ ಅಂತ. ತವರಿನ ಸೀರೆ ಅಂದರೆ ಇದೇ. ಪ್ರತಿ ಬ್ಯಾಟರಿಯ ಮೈಮೇಲೆ ಬಿಳಿ ಬಣ್ಣದಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ ಊರಿನ ಹೆಸರು: ಹತ್ತಿಮತ್ತೂರು, ತಡಸ, ದುಂಡಸಿ. ಗಂಡನ ಮನೆಯ ಹೆಸರು ಅನ್ನುತ್ತಿದ್ದರು.

ಇದನ್ನು ಅವರು ಒಂದು ಹೋಲಿಕೆಯಾಗಿ ಹೇಳಿದರೋ ಏನೋ. ಗಿರಾಕಿಗಳು ಕರಾರಿನಂತೆ ತಗೊಂಡರು. ಹತ್ತಿಮತ್ತೂರಿನ ಒಬ್ಬ ರೈತ ಬ್ಯಾಟರಿ ಕೆಟ್ಟಾಗ ಬಂದು ಕುಳಿತ.

“ರಿಪೇರಿ ಖರ್ಚು ನಿಮ್ಮದ್ರಿ.”

“ಯಾವ ಲೆಕ್ಕದಾಗ?”

“ಮೊದಲನೇ ಬಾಣಂತನ ಯಾರದ್ರಿ? ತವರಮನಿದು. ಇದು ಮೊದಲನೇ ರಿಪೇರಿ.”

ಕಾಕಾ ಅವನನ್ನು ಎವೆಯಿಕ್ಕದೆ ನೋಡಿದರು. ಆಮೇಲೆ ಪಾನಾ ಕೈಗೆತ್ತಿಕೊಂಡು ರಿಪೇರಿ ಮಾಡಿಕೊಟ್ಟರು, ಪುಕ್ಕಟೆ. ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷ ಅದೇ ರೈತ ಸಂತೆಯಲ್ಲಿ ಸಿಕ್ಕು, “ಏನ್ರೀ ಕಾಕಾ, ನಾಗರಪಂಚಮಿ ಹ್ವಾತು, ಮಗಳ್ನ ಕರಿಯಾಕ ಬರಲೇ ಇಲ್ಲ?” ಎಂದು ಹಂಗಿಸಿದ. ಅದರ ಮುಂದಿನ ಪಂಚಮಿಯಿಂದ ಕಾಕಾ ಸ್ಕೂಟರಿನ ಮುಂದೆ ಬ್ಯಾಟರಿ ನೀರಿನ ಕ್ಯಾನು, ಹಿಂದೆ ಹಬ್ಬದ ಉಂಡಿಯ ಡಬ್ಬಿ ಕಟ್ಟಿಕೊಂಡು ಊರೂರು ತಿರುಗತೊಡಗಿದರು. ಬ್ಯಾಟರಿಗೆ ನೀರು, ಮನೆಯವರಿಗೆ ಉಂಡಿ. ನೀರಿಲ್ಲದೆ ಒಣಗಿಸಿದ ಮನೆ ಸಿಕ್ಕರೆ, ಸೊಸೆಗೆ ಕೂಳು ಹಾಕದ ಅತ್ತೆಯನ್ನು ಬೈಯುವಂತೆ ಬೈದು ಬರುತ್ತಿದ್ದರು. ಅವರು ಮಾರಿದ ಬ್ಯಾಟರಿಗಳು ಬೇರೆಯವರವಕ್ಕಿಂತ ಹೆಚ್ಚು ಕಾಲ ಬದುಕಿದವು. ಇದರಲ್ಲಿ ಪವಾಡವೇನಿಲ್ಲ, ನೀರು ಹಾಕಿದರೆ ಯಾವ ಬ್ಯಾಟರಿಯೂ ಬದುಕುತ್ತದೆ. ಆದರೆ ಬಾಳಿದಷ್ಟೂ ಹೊಸದರ ವ್ಯಾಪಾರ ಕಡಿಮೆ. ಅದನ್ನೂ ಮಗನೇ ಲೆಕ್ಕ ಹಾಕಿ ಹೇಳಿದ್ದು.

ಈ ಹುಚ್ಚು ಎಲ್ಲಿಂದ ಶುರುವಾಯಿತೆಂದು ನಾನು ಕೇಳಿದ್ದೆ. ಒಂದೇ ಸಲ ಹೇಳಿದರು, ಎಲೆಗೆ ಸುಣ್ಣ ಹಚ್ಚುತ್ತಾ. ಮೊದಲು ಅವರೂ ಎಲ್ಲರಂತೆ ಹಳೆಯವನ್ನು ತಿರುಗಾಟದ ವ್ಯಾಪಾರಿಗೆ ಕೊಡುತ್ತಿದ್ದರು. ಊರಿನ ಹೆಸರು ಬರೆಯುತ್ತಿದ್ದದ್ದು ಗ್ಯಾರಂಟಿಯ ಗುರುತಿಗಷ್ಟೇ. ಒಂದು ದಿನ ಯಾವುದೋ ಕೆಲಸಕ್ಕೆ ಆ ವ್ಯಾಪಾರಿಯನ್ನು ಹುಡುಕಿಕೊಂಡು ಒಂದು ಹಳ್ಳದ ದಂಡೆಗೆ ಹೋದರು. ಅಲ್ಲಿ ಕೊಡಲಿಯಿಂದ ಬ್ಯಾಟರಿ ಒಡೆದು, ಆಸಿಡ್ಡನ್ನು ಹಳ್ಳಕ್ಕೆ ಚೆಲ್ಲಿ, ಸೀಸವನ್ನು ಬಯಲಲ್ಲೇ ಕುದಿಸುತ್ತಿದ್ದರು. ದಂಡೆಗುಂಟ ಹುಲ್ಲು ಇರಲಿಲ್ಲ. ಕುರಿಯವರು ಹಿಂಡನ್ನು ಅತ್ತ ಬಿಡದೆ ಸುತ್ತುಹಾಕಿ ಹೋಗುತ್ತಿದ್ದರು.

“ಒಡದು ಒಗದಿದ್ದ ಒಂದು ಡಬ್ಬಿ ಮ್ಯಾಲೆ ‘ತಡಸ’ ಅಂತಿತ್ತವಾ. ನನ್ನ ಅಕ್ಷರ.”

ಎಲೆ ಮಡಚಿ ಬಾಯಿಗಿಟ್ಟರು.

ಹಿರೇಕೆರೂರಿನ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ ಇತ್ತು. ಹಸಿರು ವಿದ್ಯುತ್ತು ನಿಜಕ್ಕೂ ಹಸಿರೇ ಎಂಬುದು ವಿಷಯ. ನನ್ನದು ಅಲ್ಲ ಎನ್ನುವ ಪಕ್ಷ. ಕಾಕಾ ಆ ಕಡೆ ಯಾವುದೋ ಪ್ಲೇಟು ಕೂಡಿಸಲು ಬಂದವರು ಸಭಾಂಗಣಕ್ಕೂ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಗುಡ್ಡದ ನೆತ್ತಿ ಸೀಳಿ ಗಾಳಿಗಿರಣಿಗೆ ಮಾಡಿದ ರಸ್ತೆ, ಕೊಳೆಯದ ಸುಡದ ಅದರ ರೆಕ್ಕೆ, ಪ್ಲೇಟಿನ ಕೆಳಗೆ ಕಳೆನಾಶಕ ಹೊಡೆಸಿಕೊಂಡ ಎರೆಭೂಮಿ, ಒಂದನ್ನೂ ಬಿಡಲಿಲ್ಲ ನಾನು. ಕೊನೆಗೆ, “ನಮ್ಮ ಊರಿನ ಸೋಲಾರ್ ವ್ಯಾಪಾರಿಯೇ ಇದು ಹೊಲಸೆಂದು ಒಪ್ಪುತ್ತಾರೆ, ಇದೋ ಇಲ್ಲಿದ್ದಾರೆ” ಎಂದು ಕೈ ತೋರಿಸಿದೆ. ಚಪ್ಪಾಳೆ. ಫಲಕ ನಮಗೇ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸಿದರು. ನಾನು ಹೊಗಳಿಕೆಗೆ ಕಾದೆ.

“ಚಲೋ ಮಾತಾಡಿದಿ ವಕೀಲಬಾಯಿ. ಮನ್ಯಾಗ ದೀಪಾ ಯಾತರ್ಲೆ ಹಚ್ಚತೀರಿ?”

“ಕರೆಂಟಿನ್ಲೆ.”

“ಅದು ಎಲ್ಲಿಂದ ಬರತೈತಿ?”

“ಕಲ್ಲಿದ್ದಲಿಂದ. ಅದೂ ಹೊಲಸ. ನಾ ಎಲ್ಲಿ ಇಲ್ಲ ಅಂದೆ? ಇವತ್ತಿನ ವಿಷಯ ಅದಲ್ಲ ಕಾಕಾ.”

“ವಿಷಯ ಅದಲ್ಲ, ಖರೆ. ಅದರ ಬೂದಿ ಯಾವದೋ ಊರಾಗ ಬೀಳತೈತಿ. ನಮಗ ತಂತ್ಯಾಗ ಬರೇ ಬೆಳಕ ಬರತೈತಿ. ನಂದು ಹಂಗಲ್ಲ. ನನ್ನ ಹೊಲಸು ನನ್ನ ಹಿತ್ತಲದಾಗ ಕುಂತೈತಿ, ನಮ್ಮಾಕಿ ದಿನಾ ಅದಕ್ಕ ಬೈತಾಳ. ನೋಡು, ನಾನೂ ಹೊಲಸು ಹೇಳ್ತೇನಿ, ನೀನೂ ಹೊಲಸು ಹೇಳ್ತಿ. ನಾ ಹೇಳಿ ಹೆಣಾ ಹೊರತೇನಿ. ನೀ ಹೇಳಿ ಫಲಕಾ ಹೊತಗೊಂಡು ಮನಿಗೆ ಹೊಂಟಿ.”

ವಾದವಾಗಿ ನೋಡಿದರೆ ಇದು ದುರ್ಬಲ. ಹೆಣ ಹೊರದವನು ಹೊಲಸು ಹೇಳಬಾರದೆಂದರೆ ಜಗತ್ತಿನಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ಇದನ್ನು ಅಲ್ಲೇ ಹೇಳಿದೆ. “ಹೌದವಾ, ಹೌದು” ಎಂದು ನನ್ನ ಪಾಲಿನ ಮಿರ್ಚಿಯನ್ನೂ ತಿಂದರು.

ನಾನು ಪಟ್ಟು ಬಿಡಲಿಲ್ಲ. ಅವರ ಪದ್ಧತಿಯಲ್ಲಿ ಒಂದು ದೊಡ್ಡ ತೂತಿತ್ತು, ಮತ್ತು ಅದು ಅವರಿಗೂ ಗೊತ್ತಿತ್ತು: ತಗೊಂಡದ್ದನ್ನು ಕೊಡುವುದೆಲ್ಲಿಗೆ? ಕಾಯಿದೆಗೆ ತಕ್ಕಂತೆ ಸೀಸ ಕರಗಿಸುವ ಕಾರ್ಖಾನೆಗಳು ಇವೆ, ಅಲ್ಲಿಗೆ ಕಳಿಸಿ ಎಂದು ದುಂಬಾಲು ಬಿದ್ದೆ. ಕೊನೆಗೊಮ್ಮೆ ಲಾರಿ ತುಂಬಿಸಿ, ತಾವೂ ಡ್ರೈವರನ ಪಕ್ಕ ಕುಳಿತು, ದೂರದ ಜಿಲ್ಲೆಯ ಒಂದು ಕಾರ್ಖಾನೆಗೆ ಹೋದರು. ಬೋರ್ಡು, ಪರವಾನಗಿ, ಎತ್ತರದ ಚಿಮಣಿ, ಎಲ್ಲ ಸರಿ ಇತ್ತಂತೆ. ಮ್ಯಾನೇಜರು ಕೂಡಿಸಿ ಚಹಾ ತರಿಸಲು ಹೊರಟ.

“ಚಾ ಕುಡಿತೇನ್ರಿ,” ಎಂದರಂತೆ ಕಾಕಾ, “ನಿಮ್ಮ ಕಾರ್ಖಾನಿ ಬೋರಿನ ನೀರಿಲೆ ಮಾಡಸ್ರಿ.”

“ಇಲ್ರಿ, ಆ ನೀರು ನಾವೂ ಕುಡಿಯಂಗಿಲ್ಲ. ಕ್ಯಾನಿನ ನೀರು ತರಸ್ತೇವಿ.”

ಕಾಕಾ ನಮಸ್ಕಾರ ಹೇಳಿ ಎದ್ದರು. ಲಾರಿ ತುಂಬಿದ್ದು ತುಂಬಿದಂತೆಯೇ ಹಾನಗಲ್ಲಿಗೆ ವಾಪಸು ಬಂತು.

“ಇದು ಪುರಾವೆ ಅಲ್ಲ ಕಾಕಾ,” ನಾನಂದೆ. “ಆ ಬೋರಿನ ನೀರು ಮೊದಲಿಂದ ಸವಳಿರಬಹುದು.”

“ಇರಬಹುದವಾ. ಅದನ್ನ ಅಂವ ಹೇಳಬೇಕಿತ್ತು. ಅವನ ಪರವಾಗಿ ನೀ ಯಾಕ ಹೇಳಾಕತ್ತಿ?”

“ಹಿಂಗಾದ್ರ ಒಂದು ದಿನ ಹಿತ್ತಲ ತುಂಬತೈತಿ.”

“ತುಂಬಲಿ. ತುಂಬಿದ್ದು ಕಣ್ಣಿಗೆ ಕಾಣತೈತಲ್ಲ.”

ತುಂಬಿತು ಕೂಡ. ಬ್ಯಾಟರಿಗಳ ಜೊತೆಗೆ ಸತ್ತ ಪ್ಲೇಟುಗಳೂ ಬಂದವು. ಗುಜರಿಯವರು ಪ್ಲೇಟಿನ ಸುತ್ತಲಿನ ಅಲ್ಯುಮಿನಿಯಂ ಚೌಕಟ್ಟು ಕಿತ್ತುಕೊಂಡು ಗಾಜನ್ನು ತಿಪ್ಪೆಗೆ ಒಗೆಯುತ್ತಾರೆಂದು ಕಾಕಾ ಅವನ್ನೂ ಬಿಡಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕಲು ಬ್ಯಾಟರಿಗಳ ನಡುವೆ ಒಬ್ಬರೇ ನುಸುಳುವಷ್ಟು ದಾರಿ ಉಳಿಸಿಕೊಂಡಿದ್ದರು. “ಮಂದಿ ಮನ್ಯಾಗ ಹಿತ್ತಲದಾಗ ಕರಿಬೇವು ಬೆಳಿತೈತಿ. ನಮ್ಮಲ್ಲಿ ಸೀಸಾ ಬೆಳಿತೈತಿ. ನನ್ನ ಮದಿವ್ಯಾಗ ಈ ಹೊಲಸು ಯಾರೂ ಹೇಳಲಿಲ್ಲ ನೋಡವಾ” ಅನ್ನುತ್ತಿದ್ದರು. ಆದರೆ ಹಪ್ಪಳದ ಕಾಲ ಬಂದಾಗ, ಗಾಜು ಒಡೆಯದ ಒಂದು ಪ್ಲೇಟನ್ನು ಎರಡು ಕಲ್ಲಿನ ಮೇಲೆ ಮಲಗಿಸಿ, ಹಳೆಯ ಧೋತರ ಹಾಸಿ, ಹಪ್ಪಳ ಹಚ್ಚಿದರು. ಕಾದ ಗಾಜಿನ ಮೇಲೆ ಅವು ಬೇಗ ಒಣಗಿದವು. ಕಾಕಾ ಬಾಗಿಲಲ್ಲಿ ನಿಂತು ನೋಡಿ, “ಜೀವಂತ ಇದ್ದಾಗ ಇಷ್ಟು ದುಡಿದಿದ್ದಿಲ್ಲ ಇದು” ಎಂದರು. ದಂಪತಿಗಳ ನಡುವೆ ಈ ವಿಷಯದಲ್ಲಿ ನಾನು ಕಂಡ ಒಂದೇ ಒಂದು ಒಮ್ಮತ ಅದು.

ಅವರ ಮಣ್ಣಿನ ದಿನ ಜನ ಬಹಳ ಬಂದಿದ್ದರು. ಹೂವು, ಊದಿನಕಡ್ಡಿ, ಭಜನೆಯ ಮೇಳ. ಎಲ್ಲ ಮುಗಿಸಿ ಹೊಲದಿಂದ ಮನೆಗೆ ಬಂದರೆ ಬಾಗಿಲೆದುರು ತಡಸದ ಒಂದು ಟೆಂಪೋ ನಿಂತಿತ್ತು. ತುಂಬ ಸತ್ತ ಬ್ಯಾಟರಿ.

ಟೆಂಪೋದವನು ತಲೆಯ ಟವೆಲ್ ತೆಗೆದು ಮಗನಿಗೆ ಕೈಮುಗಿದ. “ಕಾಕಾರು ಹೋದ್ರಂತ ಗೊತ್ತಾತ್ರಿ. ಇನ್ನು ಮುಂದ ತಗೊಳ್ಳಾವ್ರು ಇರ್ತಾರೋ ಇಲ್ಲೋ ಅಂತ ಊರಾಗಿನವು ಎಲ್ಲಾ ಕೂಡಿಸಿ ತಂದೇವಿ.”

“ಇವತ್ತ ತರಬೇಕೇನೋ ಮಾರಾಯಾ?”

“ಮಣ್ಣಿಗೆ ಹೆಂಗೂ ಬರಾವ್ರಿದ್ವಿ. ಎರಡು ಟ್ರಿಪ್ ಎದಕ ಅಂತ್ರಿ.”

ಮಗ ಒಳಗೆ ಹೋದ. ಟೆಂಪೋದವರು ತಾವೇ ಇಳಿಸಿ, ತಾವೇ ಸುಣ್ಣ ಉದುರಿಸಿ ಹೋದರು.

ಮಣ್ಣು ಮುಗಿಸಿ ನಾನು ಈಗಿರುವ ಊರಿಗೆ ಮರಳಿದ ಕೆಲವು ದಿನಗಳ ಮೇಲೆ ಮಗ ನನಗೆ ಫೋನು ಮಾಡಿದ. ಹುಬ್ಬಳ್ಳಿ ಕಡೆಯ ವ್ಯಾಪಾರಿಯೊಬ್ಬ ಇಡೀ ಹಿತ್ತಲನ್ನು ಒಂದೇ ಸಲಕ್ಕೆ ಎತ್ತುತ್ತೇನೆ ಅನ್ನುತ್ತಿದ್ದಾನೆ, ಅವ್ವ ಹೂಂ ಅನ್ನುತ್ತಿಲ್ಲ. “ನೀ ವಾದಾ ಮಾಡಾಕ ಶ್ಯಾಣ್ಯಾಕಿ ತಂಗಿ. ಅವ್ವಗ ತಿಳಿಸಿ ಹೇಳು. ನನ್ನ ಸಣ್ಣ ಮಗಳು ಅಂಬೆಗಾಲ ಇಡಾಕತ್ತಾಳ. ಹಿತ್ತಲ ಬಾಗಲಾ ತಗ್ಯಾಕ ಅಂಜಿಕಿ ಬರತೈತಿ.”

ಅವನ ಮಾತು ನ್ಯಾಯವಾಗಿತ್ತು. ಸೀಸದ ನಡುವೆ ಕೂಸು ಬೆಳೆಯಬಾರದು. ಹಿತ್ತಲು ದಾರಿಯಲ್ಲ, ಬರೀ ತಂಗುದಾಣ. ಒಬ್ಬ ಮನುಷ್ಯನ ಹಟವನ್ನು ಅವನ ಮೊಮ್ಮಕ್ಕಳು ಹೊರಬೇಕಿಲ್ಲ. ಹಾನಗಲ್ಲಿನ ಬಸ್ಸಿನಲ್ಲಿ ಕುಳಿತು ಇಷ್ಟನ್ನೂ ಒಪ್ಪ ಮಾಡಿಕೊಂಡು ಹೋದೆ.

ಕಾಕು ಹಿತ್ತಲಲ್ಲಿ ಪ್ಲೇಟಿನ ಮೇಲೆ ಹಪ್ಪಳ ಹಚ್ಚುತ್ತಿದ್ದರು. ವ್ಯಾಪಾರಿ ಆಗಲೇ ಬಂದಿದ್ದ. ಬಿಳಿ ಅಂಗಿ, ನಯವಾದ ಮಾತು, ಲಾರಿ ಓಣಿಯ ಬಾಯಲ್ಲೇ ನಿಲ್ಲಿಸಿದ್ದ. ಮಗ ನನಗೆ ಕಣ್ಸನ್ನೆ ಮಾಡಿದ. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಕಾಕು ಹಪ್ಪಳದಿಂದ ತಲೆ ಎತ್ತದೆ ವ್ಯಾಪಾರಿಯನ್ನು ಕೇಳಿದರು:

“ಒಯ್ದು ಏನ್ ಮಾಡ್ತಿಯಪಾ?”

“ಎಲ್ಲಾ ಪದ್ಧತಿಶೀರ ಐತ್ರಿ ಅವ್ವಾರ. ನೀವು ಚಿಂತಿ ಮಾಡಬ್ಯಾಡ್ರಿ.”

“ಚಿಂತಿ ಇರ್ಲಿ. ಇದರ ಹೊಲಸು ಹೇಳು.”

“ಹೊಲಸು ಏನ್ರಿ?” ಅವನು ನಕ್ಕ. “ಹೊಲಸು ಏನೂ ಇಲ್ರಿ. ಎಲ್ಲಾ ಕ್ಲೀನ್.”

“ಏನೂ ಇಲ್ಲ?”

“ದೇವರಾಣಿಗೂ ಏನೂ ಇಲ್ರಿ.”

ಕಾಕು ಕೈಗೆ ಅಂಟಿದ ಹಿಟ್ಟು ಉಜ್ಜಿಕೊಂಡರು. “ಹಂಗಾರ ನಿನಗ ಕೊಡಾಂಗಿಲ್ಲ.”

“ಯಾಕ್ರಿ ಅವ್ವಾರ? ರೇಟು ಕಮ್ಮಿ ಆತೇನ್ರಿ?”

“ರೇಟಿನ ಮಾತ ಬಂದಿಲ್ಲ ಇನ್ನಾ. ಈ ಮನ್ಯಾಗ ರೇಟು ಆಮ್ಯಾಲೆ.”

ಮಗ ಮುಂದೆ ಬಂದ. “ಅವ್ವಾ, ಅಪ್ಪ ಇದ್ದಾಗ ದಿನಾ ಬೈತಿದ್ದಿ. ಈಗ ಒಯ್ಯಾಕ ಬಂದ್ರ ಬ್ಯಾಡ ಅಂತಿ. ಕೂಸಿನ ಗತಿ ಏನು?”

“ಕೂಸಿಗೆ ಹಿತ್ತಲ ಬಾಗಲಿಗೆ ಮ್ಯಾಲೊಂದು ಅಗಳಿ ಬಡಿಸು, ಶೆಡ್ಡಿಗೆ ಗ್ವಾಡಿ ಕಟ್ಟಸು. ಹಳ್ಳದ ದಂಡಿಮ್ಯಾಲೂ ಕೂಸು ಇರ್ತಾವು, ಅವಕ್ಕ ಯಾರು ಅಗಳಿ ಬಡಸ್ತಾರ? ಬೈಯಾಕಿ ನಾ. ಬೈಯೂದು ಬ್ಯಾರೆ, ಹೆಣಾ ಬೀದಿಗೆ ಚೆಲ್ಲೂದು ಬ್ಯಾರೆ.” ಆಮೇಲೆ ಸ್ವಲ್ಪ ಮೆತ್ತಗೆ, “ಹುಡುಕು. ಹೊಲಸು ಬಾಯಿಬಿಟ್ಟು ಹೇಳಿ, ತನ್ನ ಬೋರಿನ ನೀರಿಲೆ ಚಾ ಮಾಡಿ ಕುಡಿಯಾಂವ ಎಲ್ಲೆರ ಇದ್ದಾನು. ಅಲ್ಲಿತನಾ ತವರಮನ್ಯಾಗ ಇರ್ಲಿ.”

ವ್ಯಾಪಾರಿ ನಮ್ಮೆಲ್ಲರ ಮುಖ ನೋಡಿ, ಯಾರ ಮುಖದಲ್ಲೂ ಆಧಾರ ಸಿಗದೆ, ಹೋದ. ಖಾಲಿ ಲಾರಿ ಓಣಿಯಿಂದ ಹಿಂದಕ್ಕೆ ಹೊರಡುವ ಸದ್ದು ಬಹಳ ಹೊತ್ತು ಕೇಳಿಸಿತು. ಮಗ ಅಗಳಿಯ ಅಳತೆ ನೋಡಲು ಬಾಗಿಲ ಹತ್ತಿರ ಹೋದ.

ಕಾಕು ನನ್ನ ಕಡೆ ತಿರುಗಿದರು. “ನೀ ಏನೋ ಮಾತಾಡಾಕ ಬಂದಿದ್ದೆಲ್ಲ ವಕೀಲಬಾಯಿ?”

ಅವರ ಬಾಯಿಂದ ಆ ಹೆಸರು ಅವತ್ತೇ ಮೊದಲು ಕೇಳಿದ್ದು. ನನ್ನ ಪಾಯಿಂಟುಗಳು ಎಲ್ಲವೂ ಸರಿಯಾಗಿಯೇ ಇದ್ದವು. ಈಗಲೂ ಇವೆ.

“ಏನಿಲ್ಲ ಕಾಕು.”

“ಹಂಗಾರ ಆ ಕಡೆ ಹಿಡಿ. ನೆಳ್ಳು ಬಂತು.”

ಗೋಡೆಯ ನೆರಳು ಹಪ್ಪಳಗಳ ಅರ್ಧಕ್ಕೆ ಬಂದಿತ್ತು. ಅವರು ಒಂದು ತುದಿ, ನಾನು ಒಂದು ತುದಿ ಹಿಡಿದು, ಸತ್ತ ಪ್ಲೇಟನ್ನು ಎತ್ತಿ ಬಿಸಿಲಿಗೆ ಇಟ್ಟೆವು.